ಸಾರಿನ ಪುಡಿಗೆ ಎಷ್ಟು ಕಚೇರಿ?

ಅಮೆರಿಕದಲ್ಲಿ ಕಂಪನಿ ತೆರೆಯುವುದು ನೀರು ಕುಡಿದಷ್ಟು ಸುಲಭ ಎಂಬ ಮಾತು ನಮ್ಮವರಲ್ಲಿ ಚೆನ್ನಾಗಿ ಹರಡಿದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಕೂತು 70 ಡಾಲರ್ ಕಟ್ಟಿದರೆ ಒಂದು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಹುಟ್ಟುತ್ತದೆ. ಮಧ್ಯವರ್ತಿ ಬೇಡ, ಯಾರ ಕೈಯನ್ನೂ ಬಿಸಿ ಮಾಡಬೇಕಿಲ್ಲ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರವೂ ಇಲ್ಲ. ರಜೆಗೆ ಊರಿಗೆ ಬಂದವರು ಇಷ್ಟನ್ನು ಹೇಳಿ ವಿಮಾನ ಹತ್ತುತ್ತಾರೆ. ಹೇಳಿದ್ದೆಲ್ಲ ನಿಜವೇ. ಆದರೆ ಕಂಪನಿ ಹುಟ್ಟಿಸುವುದು ಬೇರೆ, ವ್ಯಾಪಾರ ಮಾಡುವುದು ಬೇರೆ. ಆ ಕಂಪನಿ ಸಾರಿನ ಪುಡಿಯ ಒಂದು ಪೊಟ್ಟಣವನ್ನಾದರೂ ಮಾರಬಹುದೇ ಎಂಬ ಪ್ರಶ್ನೆಗೆ 70 ಡಾಲರಿನ ರಸೀದಿಯಲ್ಲಿ ಉತ್ತರವಿಲ್ಲ. ಅದು ಇರುವುದು ಕೌಂಟಿಯಲ್ಲಿ, ನಗರಾಡಳಿತದಲ್ಲಿ, ಕೆಲವರ ಪಾಲಿಗೆ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದಲ್ಲಿ.

ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಸ್ಯಾಂಟಾ ಕ್ಲಾರಾ ಕೌಂಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಇದೊಂದು. 2020ರ ಜನಗಣತಿಯ ಪ್ರಕಾರ ಸುಮಾರು 19 ಲಕ್ಷ ಜನ, 15 ನಗರಗಳು. ಸ್ಯಾನ್ ಹೋಸೆ, ಸನ್ನಿವೇಲ್, ಕುಪರ್ಟಿನೊ, ಮಿಲ್ಪಿಟಾಸ್ ಎಲ್ಲ ಇದರೊಳಗೇ ಬರುತ್ತವೆ. ಕೌಂಟಿ ಎಂದರೆ ನಮ್ಮ ಜಿಲ್ಲೆಗೆ ಹತ್ತಿರದ್ದು ಎನ್ನಬಹುದು, ಆದರೆ ಮೇಲಿನಿಂದ ನೇಮಕವಾಗಿ ಬರುವ ಜಿಲ್ಲಾಧಿಕಾರಿ ಇಲ್ಲಿಲ್ಲ. ಜನರೇ ಆರಿಸಿದ 5 ಮಂದಿಯ ಮಂಡಳಿ ಆಳುತ್ತದೆ. ಸನ್ನಿವೇಲ್‌ನ ಬಾಡಿಗೆ ಮನೆಯಲ್ಲಿರುವ, ಶಿರಸಿ ಕಡೆಯ ಒಬ್ಬ ಗೃಹಿಣಿ ಸಾರಿನ ಪುಡಿ, ಹುಳಿಪುಡಿ, ಉಪ್ಪಿನಕಾಯಿ, ದೋಸೆಹಿಟ್ಟು ಮಾಡಿ ಮಾರಬೇಕೆಂದುಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಕಣ್ಣಿನಿಂದ ನೋಡಿದರೆ ಕೌಂಟಿಗೆ ಎರಡು ಮುಖ. ಒಂದು ಕಚೇರಿ ಅವರು ಹೇಳಿದ ಹೆಸರನ್ನು ಪ್ರಶ್ನೆಯಿಲ್ಲದೆ ಬರೆದುಕೊಳ್ಳುತ್ತದೆ. ಇನ್ನೊಂದು ಕಚೇರಿ ಅವರ ಅಡುಗೆಮನೆಯೊಳಗೆ ಇಣುಕುತ್ತದೆ. ನಮ್ಮವರು ಮೊದಲನೆಯದಕ್ಕೆ ಮೊದಲು ಹೋಗುತ್ತಾರೆ. ಎಡವುವುದು ಅಲ್ಲೇ.

ಹೆಸರು ಬರೆದುಕೊಳ್ಳುವ ಕಚೇರಿಯನ್ನು ಕೌಂಟಿ ಕ್ಲರ್ಕ್-ರೆಕಾರ್ಡರ್ ಎನ್ನುತ್ತಾರೆ. ಸ್ವಂತ ಹೆಸರಿನ ಬದಲು ಬೇರೆ ಹೆಸರಿನಲ್ಲಿ ವ್ಯಾಪಾರ ಮಾಡುವವರು ಶುರುಮಾಡಿದ 40 ದಿನದೊಳಗೆ ಅಲ್ಲಿ ಒಂದು ಘೋಷಣಾಪತ್ರ ಕೊಡಬೇಕು. ಕಾನೂನಿನಲ್ಲಿ ಅದರ ಹೆಸರು ಫಿಕ್ಟಿಷಿಯಸ್ ಬಿಸಿನೆಸ್ ನೇಮ್, ಬಾಯಿಮಾತಿನಲ್ಲಿ ಡಿಬಿಎ. ‘ಮಲೆನಾಡು ಮಸಾಲೆ’ ಎಂಬ ಹೆಸರಿನ ಹಿಂದೆ ಯಾರಿದ್ದಾರೆ, ಅವರ ಮನೆ ಎಲ್ಲಿದೆ ಎಂಬುದು ಊರಿಗೆ ಗೊತ್ತಿರಲಿ ಎನ್ನುವುದಷ್ಟೇ ಇದರ ಉದ್ದೇಶ. ಸಾಲ ಕೊಟ್ಟವನಿಗೆ, ಮೋಸಹೋದ ಗಿರಾಕಿಗೆ ಹಿಡಿಯಲು ಒಂದು ಜುಟ್ಟು ಬೇಕಲ್ಲ. ಪತ್ರ ಕೊಡದಿದ್ದರೆ ಪೊಲೀಸರು ಬರುವುದಿಲ್ಲ. ಆದರೆ ಆ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದದ ಮೇಲೆ ನೀವು ಕೋರ್ಟಿಗೆ ಹೋಗುವಂತಿಲ್ಲ, ಬ್ಯಾಂಕು ಆ ಹೆಸರಿನಲ್ಲಿ ಖಾತೆ ತೆರೆಯುವುದಿಲ್ಲ. ನೋಂದಣಿ 5 ವರ್ಷ ನಡೆಯುತ್ತದೆ. ಅದು ಹೆಸರಿನ ಒಡೆತನವನ್ನು ಕೊಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕೊಡುವುದಿಲ್ಲ. ಅದೇ ಹೆಸರಿನ ಟ್ರೇಡ್‌ಮಾರ್ಕ್ ಹಿಡಿದು ಯಾರಾದರೂ ಬಂದರೆ ಕೌಂಟಿಯ ಮುದ್ರೆ ನಿಮ್ಮನ್ನು ಕಾಯದು.

ಇಲ್ಲಿ ನಮ್ಮವರದೇ ಒಂದು ಫಜೀತಿ ಇದೆ. ವ್ಯಾಪಾರದ ಹೆಸರಿನಲ್ಲಿ ಮಾಲೀಕರ ಸರ್‌ನೇಮ್ ಇದ್ದು, ಇನ್ನೂ ಪಾಲುದಾರರಿದ್ದಾರೆ ಎಂಬ ಸೂಚನೆ ಇಲ್ಲದಿದ್ದರೆ ಈ ಪತ್ರವೇ ಬೇಕಿಲ್ಲ. ಆದರೆ ಕನ್ನಡಿಗರ ಸರ್‌ನೇಮ್ ಯಾವುದು? ಒಬ್ಬರಿಗೆ ಊರು, ಒಬ್ಬರಿಗೆ ಅಪ್ಪನ ಹೆಸರು, ಒಬ್ಬರಿಗೆ ಗಂಡನ ಹೆಸರು. ಇನ್ನು ಕೆಲವರ ಪಾಸ್‌ಪೋರ್ಟಿನಲ್ಲಿ ಆ ಜಾಗವೇ ಖಾಲಿ. ‘ಹೆಗಡೆ ಫುಡ್ಸ್’ ಎಂದಿಟ್ಟ ಹೆಗಡೆಯವರು ಸಲೀಸಾಗಿ ಪಾರಾಗುತ್ತಾರೆ. ‘ಸವಿತಾ ಫುಡ್ಸ್’ ಎಂದಿಟ್ಟ ಸವಿತಾ ಅವರ ದಾಖಲೆಯಲ್ಲಿ ಸರ್‌ನೇಮಿನ ಜಾಗದಲ್ಲಿ ಅಪ್ಪನ ಹೆಸರು ರಾಮಪ್ಪ ಎಂದಿದ್ದರೆ, ತಮ್ಮ ಸ್ವಂತ ಹೆಸರನ್ನೇ ‘ಕಲ್ಪಿತ ಹೆಸರು’ ಎಂದು ಘೋಷಿಸಿ ಬರಬೇಕು.

ಪತ್ರ ಕೊಟ್ಟರೆ ಮುಗಿಯಲಿಲ್ಲ. ಕೌಂಟಿಯಲ್ಲಿ ಓಡಾಡುವ, ಕೋರ್ಟು ಒಪ್ಪಿದ ಒಂದು ಪತ್ರಿಕೆಯಲ್ಲಿ ಅದನ್ನು ವಾರಕ್ಕೊಮ್ಮೆಯಂತೆ 4 ವಾರ ಅಚ್ಚು ಹಾಕಿಸಿ, ಹಾಕಿಸಿದ್ದಕ್ಕೆ ಪತ್ರಿಕೆಯವರ ಪ್ರಮಾಣಪತ್ರವನ್ನು ಕಚೇರಿಗೆ ಒಪ್ಪಿಸಬೇಕು. ಊರ ಪತ್ರಿಕೆಯನ್ನು ಊರೆಲ್ಲ ಓದುತ್ತಿದ್ದ 19ನೇ ಶತಮಾನದಲ್ಲಿ ಇದಕ್ಕೆ ಅರ್ಥವಿತ್ತು. ಇಂದು ಕೌಂಟಿಯ ದಾಖಲೆಯನ್ನು ಯಾರು ಬೇಕಾದರೂ ಹುಡುಕಿ ನೋಡಬಹುದಾಗಿರುವಾಗ, ಯಾರೂ ಓದದ ಪುಟಕ್ಕೆ ಬಡ ವ್ಯಾಪಾರಿ ದುಡ್ಡು ಕೊಡುವುದೇಕೆ? ಈ ಜಾಹೀರಾತುಗಳಿಂದಲೇ ಉಸಿರಾಡುವ ಸಣ್ಣ ಪತ್ರಿಕೆಗಳಿವೆ, ಅವುಗಳ ಮೇಲೆ ನನಗೆ ಕನಿಕರವೂ ಇದೆ. ಆದರೂ ನನ್ನ ಮಟ್ಟಿಗೆ ಇದು ತೆಗೆದುಹಾಕಬೇಕಾದ ಕಟ್ಟಳೆ. ಮನೆಯಿಂದಲೇ ಕೆಲಸ ಮಾಡುವ ಹೆಂಗಸಿನ ಮನೆ ವಿಳಾಸ ಹೀಗೆ ಅಚ್ಚಾಗಿ ಬೀದಿಗೆ ಬರುವುದು ಇದರ ಇನ್ನೊಂದು ತೊಡಕು.

ಎಲ್‌ಎಲ್‌ಸಿ ಮಾಡಬೇಕೇ ಬೇಡವೇ ಎಂಬುದು ನಮ್ಮ ಕೂಟಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವ, ಅತಿ ಕಡಿಮೆ ಅರ್ಥವಾದ ಪ್ರಶ್ನೆ. ಒಬ್ಬರೇ ಒಡೆಯರಾದ ವ್ಯಾಪಾರಕ್ಕೆ ರಾಜ್ಯದಲ್ಲಿ ಕಂಪನಿ ನೋಂದಣಿ ಬೇಕೇ ಇಲ್ಲ. ಆದರೂ ಮೊದಲ ದಿನವೇ ಎಲ್‌ಎಲ್‌ಸಿ ಮಾಡಿಕೊಳ್ಳುವವರೇ ಹೆಚ್ಚು. ಹುಟ್ಟಿಸಲು 70 ಡಾಲರ್, 90 ದಿನದೊಳಗೆ ಕೊಡಬೇಕಾದ ವಿವರಪತ್ರಕ್ಕೆ 20 ಡಾಲರ್, ಆ ಪತ್ರ ಮತ್ತೆ 2 ವರ್ಷಕ್ಕೊಮ್ಮೆ. ಇಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ಪ್ರತಿ ಎಲ್‌ಎಲ್‌ಸಿಯಿಂದ ವರ್ಷಕ್ಕೆ ಕನಿಷ್ಠ 800 ಡಾಲರ್ ತೆಗೆದುಕೊಳ್ಳುತ್ತದೆ. ಲಾಭ ಬರಲಿ ಬಿಡಲಿ, ಒಂದು ಪೊಟ್ಟಣವೂ ಮಾರಾಟವಾಗದಿರಲಿ, 800 ಕೊಡಲೇಬೇಕು. 2021ರಿಂದ 2023ರವರೆಗೆ ಹುಟ್ಟಿದ ಎಲ್‌ಎಲ್‌ಸಿಗಳಿಗೆ ಮೊದಲ ವರ್ಷ ಮಾಫಿ ಇತ್ತು. ಆ ಕಾಲ ಮುಗಿಯಿತು. ವರ್ಷಕ್ಕೆ 5,000 ಡಾಲರಿನ ಪುಡಿ ಮಾರುವವರೂ 2,00,000 ಡಾಲರಿನ ಸಲಹಾ ವ್ಯವಹಾರ ಮಾಡುವವರೂ ಇದನ್ನು ಸಮನಾಗಿ ಕಟ್ಟುತ್ತಾರೆ. ಸಣ್ಣವರ ಬೆನ್ನು ಮುರಿಯುವ ತೆರಿಗೆ ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ.

ತಪ್ಪಿಸಿಕೊಳ್ಳಲು ಡೆಲವೇರಿನಲ್ಲೋ ವಯೋಮಿಂಗಿನಲ್ಲೋ ಎಲ್‌ಎಲ್‌ಸಿ ಮಾಡಿ ಎಂದು ಯೂಟ್ಯೂಬಿನ ಗುರುಗಳು ಹೇಳುತ್ತಾರೆ. ಸನ್ನಿವೇಲ್‌ನ ಅಡುಗೆಮನೆಯಲ್ಲಿ ಕೂತು ಕೆಲಸ ಮಾಡುವವರು ಎಲ್ಲಿ ಕಂಪನಿ ಮಾಡಿದರೂ ಕ್ಯಾಲಿಫೋರ್ನಿಯಾದಲ್ಲೇ ವ್ಯಾಪಾರ ಮಾಡುತ್ತಿದ್ದಾರೆ ಎಂದು ಕಾನೂನು ಎಣಿಸುತ್ತದೆ. ಹೊರರಾಜ್ಯದ ಕಂಪನಿಯಾಗಿ ಇಲ್ಲಿಯೂ ನೋಂದಾಯಿಸಿ, ಅದೇ 800 ಕಟ್ಟಿ, ಅಲ್ಲಿನ ಖರ್ಚನ್ನೂ ಹೊರಬೇಕು. ಕಂಪನಿಯ ಹೆಸರು ದಾಖಲೆಗೆ ಬಿದ್ದೊಡನೆ ಸರ್ಕಾರದ ಮುದ್ರೆಯನ್ನೇ ಹೋಲುವ ಲಕೋಟೆಗಳೂ ಮನೆಗೆ ಬರತೊಡಗುತ್ತವೆ: ಪೋಸ್ಟರಿಗೆ ಇಷ್ಟು ಕಟ್ಟಿ, ಪ್ರಮಾಣಪತ್ರಕ್ಕೆ ಅಷ್ಟು ಕಟ್ಟಿ. ಬಹುಪಾಲು ಖಾಸಗಿಯವರ ಸುಲಿಗೆ. ಕಂಪನಿಗಳನ್ನು ನೋಂದಾಯಿಸುವ ರಾಜ್ಯದ ಕಾರ್ಯದರ್ಶಿ ಕಚೇರಿಯೇ ಎಚ್ಚರಿಸುತ್ತಾ ಬಂದಿದೆ. ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ತೆರಿಗೆ ಗುರುತಿನ ಇಐಎನ್ ಸಂಖ್ಯೆ ಪುಕ್ಕಟೆಯೇ, ಅದಕ್ಕೆ ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ. 2024ರಲ್ಲಿ ಎಲ್ಲರನ್ನೂ ಹೆದರಿಸಿದ್ದ, ಕಂಪನಿಯ ನಿಜ ಒಡೆಯರ ವಿವರ ಕೊಡಬೇಕೆಂಬ ಕೇಂದ್ರ ನಿಯಮದಿಂದ ದೇಶೀಯ ಕಂಪನಿಗಳನ್ನು 2025ರ ಮಾರ್ಚಿನಲ್ಲಿ ಕೈಬಿಡಲಾಗಿದೆ.

ಈಗ ಅಡುಗೆಮನೆಗೆ ಬರೋಣ. ವಿಷಯದ ತಿರುಳು ಇರುವುದು ಇಲ್ಲಿ.

ಮನೆಯಲ್ಲಿ ತಯಾರಿಸಿದ ಆಹಾರವನ್ನು ಮಾರಲು ಕ್ಯಾಲಿಫೋರ್ನಿಯಾ ದಾರಿ ತೆರೆದದ್ದು ಇತ್ತೀಚೆಗೆ. 2012ರಲ್ಲಿ ಅಂಗೀಕಾರವಾಗಿ 2013ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ‘ಕಾಟೇಜ್ ಫುಡ್’ ಎಂಬ ವರ್ಗವನ್ನು ಮಾಡಿತು. ಅದನ್ನು ನಡೆಸುವುದು ಮೊದಲು ಹೇಳಿದ ಎರಡನೆಯ ಕಚೇರಿ, ಕೌಂಟಿಯ ಪರಿಸರ ಆರೋಗ್ಯ ಇಲಾಖೆ. ಎ ವರ್ಗದವರು ಗಿರಾಕಿಗೆ ನೇರವಾಗಿ ಮಾತ್ರ ಮಾರಬಹುದು, ಅಡುಗೆಮನೆಯ ನಿಯಮಪಟ್ಟಿಗೆ ತಾವೇ ಸಹಿ ಹಾಕಿ ನೋಂದಾಯಿಸಿಕೊಂಡರೆ ಸಾಕು. ಬಿ ವರ್ಗದವರು ಅಂಗಡಿ, ಹೋಟೆಲುಗಳಿಗೂ ಕೊಡಬಹುದು, ಅವರ ಮನೆಗೆ ತಪಾಸಣೆ ಬರುತ್ತದೆ. ವಹಿವಾಟಿಗೆ ಮಿತಿ ಇದೆ. 2022ರಲ್ಲಿ ಅದನ್ನು ಎ ವರ್ಗಕ್ಕೆ 75,000, ಬಿ ವರ್ಗಕ್ಕೆ 1,50,000 ಡಾಲರಿಗೆ ಏರಿಸಿ, ಅಲ್ಲಿಂದ ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತಾ ಬಂದಿದ್ದಾರೆ. ವಾಸದ ಬಡಾವಣೆ ಎಂಬ ಕಾರಣಕ್ಕೆ ನಗರಾಡಳಿತ ಇದನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದೂ ಕಾನೂನು ಹೇಳಿತು. ಬಾಡಿಗೆ ಕರಾರಿನ ಮಾತು ಬೇರೆ, ಅದನ್ನು ಮನೆಮಾಲೀಕರ ಜೊತೆಯೇ ಬಗೆಹರಿಸಿಕೊಳ್ಳಬೇಕು.

ಆದರೆ ಏನು ಮಾರಬಹುದು? ಫ್ರಿಜ್ ಇಲ್ಲದೆ ಕೆಡದೆ ಉಳಿಯುವ, ರಾಜ್ಯದ ಪಟ್ಟಿಯಲ್ಲಿರುವ ಪದಾರ್ಥಗಳನ್ನು ಮಾತ್ರ. ಒಣ ಮಸಾಲೆ ಮಿಶ್ರಣ ಪಟ್ಟಿಯಲ್ಲಿದೆ, ಹಾಗಾಗಿ ಸಾರಿನ ಪುಡಿ, ಹುಳಿಪುಡಿಗೆ ಬಾಗಿಲು ತೆರೆದಿದೆ. ದೋಸೆಹಿಟ್ಟು ಆಗದು. ಅದು ಹುದುಗುವ ಹಸಿ ಹಿಟ್ಟು, ತಣ್ಣಗೆ ಇಡಬೇಕಾದ್ದು, ಅದಕ್ಕೆ ಪರವಾನಗಿ ಇರುವ ವಾಣಿಜ್ಯ ಅಡುಗೆಮನೆಯೇ ಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹಂಚಿಕೆಯ ಅಡುಗೆಮನೆಗಳು ಇರುವುದು ಇಂಥವರಿಗಾಗಿಯೇ. ಕರಿದ ಚಕ್ಕುಲಿ, ಕೋಡುಬಳೆ, ಹೂರಣದ ಹೋಳಿಗೆಗಳನ್ನು ಇಲಾಖೆಯವರನ್ನು ಕೇಳದೆ ಮುಟ್ಟಬಾರದು, ಪಟ್ಟಿಯನ್ನು ರಾಜ್ಯ ಆಗಾಗ ತಿದ್ದುತ್ತಿರುತ್ತದೆ.

ಶಿರಸಿಯವರಿಗೆ ದೊಡ್ಡ ಪೆಟ್ಟು ಬೀಳುವುದು ಉಪ್ಪಿನಕಾಯಿಯಲ್ಲಿ. ನಮ್ಮ ಲೆಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಗಿಂತ ಗಟ್ಟಿಯಾಗಿ ಉಳಿಯುವ ಪದಾರ್ಥವೇ ಇಲ್ಲ. ವರ್ಷಗಟ್ಟಲೆ ಭರಣಿಯಲ್ಲಿದ್ದರೂ ಅಜ್ಜಿಯರು ಹೆದರಲಿಲ್ಲ. ಕ್ಯಾಲಿಫೋರ್ನಿಯಾ ಮಾತ್ರ ಹುಳಿ ಸೇರಿಸಿ ಮುಚ್ಚಿಟ್ಟ ಪದಾರ್ಥವನ್ನು ಮನೆಯಲ್ಲಿ ಮಾಡಿ ಮಾರಗೊಡುವುದಿಲ್ಲ. ಇದಕ್ಕೊಂದು ಇತಿಹಾಸವಿದೆ. 1919-20ರಲ್ಲಿ ಕ್ಯಾಲಿಫೋರ್ನಿಯಾದಿಂದ ಹೋದ ಡಬ್ಬಿ ಆಲಿವ್ ತಿಂದು ಓಹಾಯೊ, ಮಿಷಿಗನ್ ಕಡೆ ಜನ ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದಿಂದ ಸತ್ತರು. ಆಲಿವ್ ಉದ್ಯಮ ನೆಲಕಚ್ಚಿತು. 1925ರಲ್ಲಿ ರಾಜ್ಯ ಡಬ್ಬೀಕರಣದ ತಪಾಸಣೆಗೆ ಕಾನೂನು ಮಾಡಿತು. ಮುಚ್ಚಳ ಬಿಗಿದ ಸೀಸೆ ಎಂದರೆ ಇಲ್ಲಿನ ಅಧಿಕಾರಿಗಳು ಇಂದಿಗೂ ಬೆಚ್ಚುವುದರ ಮೂಲ ಅದು. ಉಪ್ಪು, ಹುಳಿ ಸರಿಯಾಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂಬುದು ನಿಜ, ಆದರೆ ಸರಿಯಾಗಿದೆಯೇ ಎಂಬುದನ್ನು ಪ್ರಯೋಗಾಲಯ ಹೇಳಬೇಕು, ಅಜ್ಜಿಯ ನಾಲಿಗೆ ಅಲ್ಲ ಎನ್ನುತ್ತದೆ ಕಾನೂನು. ಕರ್ನಾಟಕದಲ್ಲಿ ಮನೆಯಲ್ಲೇ ಉಪ್ಪಿನಕಾಯಿ ಹಾಕುವವರು ಎಫ್‌ಎಸ್‌ಎಸ್‌ಎಐ ಮೂಲ ನೋಂದಣಿ ಪಡೆದು ಮಾರುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಉದಾರ.

ಪುಡಿಗೂ ನಿಯಮವಿದೆ. ತಯಾರಿಸುವವರು ಆಹಾರ ಸುರಕ್ಷತೆಯ ತರಬೇತಿ ಪಡೆಯಬೇಕು. ತಯಾರಿಸುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಚಿಕ್ಕ ಮಕ್ಕಳು, ಸಾಕುಪ್ರಾಣಿ ಇರಕೂಡದು. ಪೊಟ್ಟಣದ ಮೇಲೆ ‘ಮನೆಯ ಅಡುಗೆಕೋಣೆಯಲ್ಲಿ ತಯಾರಾದದ್ದು’ ಎಂಬ ಅರ್ಥದ ಇಂಗ್ಲಿಷ್ ಸಾಲು, ನೋಂದಣಿ ಸಂಖ್ಯೆ, ಪದಾರ್ಥಗಳ ಪಟ್ಟಿ, ಅಲರ್ಜಿಯ ಎಚ್ಚರಿಕೆ ಎಲ್ಲ ಇರಬೇಕು. ನಮ್ಮವರು ಎಡವುವುದು ಕೊನೆಯದರಲ್ಲಿ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ನೋಡಿ, ಹಲವು ಬಗೆಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ. ಚಿಟಿಕೆ ಇಂಗು ಹಾಕಿದ ಸಾರಿನ ಪುಡಿಯ ಮೇಲೂ ಗೋಧಿ ಇದೆಯೆಂದು ಬರೆಯಬೇಕು. ಎಳ್ಳನ್ನು ಅಮೆರಿಕ 2023ರ ಜನವರಿಯಿಂದ ಮುಖ್ಯ ಅಲರ್ಜಿಕಾರಕಗಳ ಪಟ್ಟಿಗೆ ಸೇರಿಸಿದೆ. ಎಳ್ಳು ಹುರಿದು ಹಾಕುವ ಪುಡಿಗಳ ಲೇಬಲ್ಲೂ ಬದಲಾಗಬೇಕು.

ಬಿಸಿ ಊಟ ಮಾರುವವರಿಗೆ ಬೇರೆ ಕಾನೂನು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಬಿಸಿಬೇಳೆಬಾತ್, ಹೆಸರು ಕೊಡಿ’ ಎಂದು ಹಾಕಿ ನಡೆಸುವ ಊಟದ ವ್ಯಾಪಾರ ಸ್ಯಾಂಟಾ ಕ್ಲಾರಾ ಸೇರಿದ ಬೇ ಏರಿಯಾದಲ್ಲಿ ಧಾರಾಳವಾಗಿದೆ. 2019ಕ್ಕೆ ಮೊದಲು ಇಂಥದ್ದಕ್ಕೆ ಕಾನೂನಿನ ದಾರಿಯೇ ಇರಲಿಲ್ಲ. 2018ರಲ್ಲಿ ಅಂಗೀಕಾರವಾದ ಮನೆ ಅಡುಗೆಯ ಕಾನೂನು ದಾರಿ ತೆರೆಯಿತು, ಆದರೆ ಒಪ್ಪುವುದೂ ಬಿಡುವುದೂ ಆಯಾ ಕೌಂಟಿಯ ಇಚ್ಛೆ ಎಂದಿತು. ದಕ್ಷಿಣದ ರಿವರ್‌ಸೈಡ್ ಕೌಂಟಿ ಮೊದಲು ಒಪ್ಪಿತು. ಉಳಿದವು ಒಂದೊಂದಾಗಿ, ತಮಗೆ ತೋಚಿದಾಗ. ಹೀಗಾಗಿ ರಸ್ತೆಯ ಈಚೆ ಕಾನೂನುಬದ್ಧವಾದ ಊಟ ಆಚೆ ಕೌಂಟಿಯಲ್ಲಿ ಅಪರಾಧವಾಗುವ ವಿಚಿತ್ರ ಹುಟ್ಟಿತು. ಒಪ್ಪಿದ ಕಡೆಯಲ್ಲೂ ದಿನಕ್ಕೆ 30 ಊಟದ ಮಿತಿ. ವಾರಕ್ಕೆ 60 ಇದ್ದದ್ದನ್ನು ಆಮೇಲೆ 90ಕ್ಕೆ, ವರ್ಷದ ವಹಿವಾಟನ್ನು 50,000ದಿಂದ 1,00,000 ಡಾಲರಿಗೆ ಏರಿಸಿದರು. ಅಂದು ಬೇಯಿಸಿದ್ದನ್ನು ಅಂದೇ ಬಡಿಸಬೇಕು, ಹೊರಗಿನ ಡೆಲಿವರಿ ಆ್ಯಪುಗಳಿಗೆ ಸಾಮಾನ್ಯವಾಗಿ ಕೊಡುವಂತಿಲ್ಲ. ಕನ್ನಡ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ಮಿರ್ಚಿ ಬಜ್ಜಿ ಮಳಿಗೆ ಹಾಕುವವರಿಗೂ ಕೌಂಟಿಯ ತಾತ್ಕಾಲಿಕ ಪರವಾನಗಿ ಬೇಕು ಎಂಬುದನ್ನು ಸಂಘಟಕರು ಮರೆಯಬಾರದು.

ಇಷ್ಟೆಲ್ಲ ಕೇಳುವ ಕೌಂಟಿಯ ಯಾವ ಕಿಟಕಿಯಲ್ಲೂ ನಿಮ್ಮ ವೀಸಾ ಯಾವುದು ಎಂದು ಕೇಳುವುದಿಲ್ಲ. ಅದೇ ಅಪಾಯ. ನೋಂದಣಿ ಆಯಿತು, ಅಂದಮೇಲೆ ಕೆಲಸ ಮಾಡಬಹುದು ಎಂದುಕೊಳ್ಳುವವರಿದ್ದಾರೆ. ಎಚ್-1ಬಿ ಎಂಬ ಉದ್ಯೋಗ ವೀಸಾ ಇರುವವರು ಅರ್ಜಿ ಹಾಕಿದ ಉದ್ಯೋಗದಾತನಿಗೆ ಮಾತ್ರ ದುಡಿಯಬಹುದು. ಬೇರೆ ಕಂಪನಿಯಲ್ಲಿ ದುಡ್ಡು ಹೂಡಬಹುದು, ಆದರೆ ಶನಿವಾರ ರಾತ್ರಿ ಕೂತು ಪೊಟ್ಟಣ ಕಟ್ಟುವಂತಿಲ್ಲ. 2025ರ ಜನವರಿ 17ರಿಂದ ಬಂದ ನಿಯಮದಲ್ಲಿ ಒಡೆಯರೇ ತಮ್ಮ ಕಂಪನಿಯ ಮೂಲಕ ಎಚ್-1ಬಿ ಪಡೆಯಲು ಸ್ವಲ್ಪ ಜಾಗವಿದೆ, ಮೊದಲ ಅವಧಿ 18 ತಿಂಗಳು. ಅದು ತಂತ್ರಜ್ಞಾನದ ಕಂಪನಿ ಕಟ್ಟುವವರಿಗೆ ಹೊಂದೀತು, ಸಾರಿನ ಪುಡಿಗಲ್ಲ. ಎಚ್-1ಬಿಯವರ ಅವಲಂಬಿತರಿಗೆಂದಿರುವ ಎಚ್-4 ವೀಸಾದಲ್ಲಿ ಬಂದ ಸಂಗಾತಿಗೆ 2015ರ ಮೇ 26ರವರೆಗೆ ದುಡಿಯುವ ಅವಕಾಶವೇ ಇರಲಿಲ್ಲ. ಅಂದಿನಿಂದ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಇಎಡಿ ಎಂಬ ಕೆಲಸದ ಅನುಮತಿ ಕಾರ್ಡು ಸಿಗುತ್ತದೆ, ಅದು ಕೈಯಲ್ಲಿದ್ದರೆ ಸ್ವಂತ ಉದ್ಯೋಗವನ್ನೂ ಮಾಡಬಹುದು. ನಮ್ಮ ಶಿರಸಿಯವರ ಇಡೀ ಯೋಜನೆ ನಿಂತಿರುವುದು ಆ ಕಾರ್ಡಿನ ಮೇಲೆ. ಕಾರ್ಡಿನ ಅವಧಿ ಮುಗಿದ ದಿನ ಒಲೆ ಆರಿಸಬೇಕು.

ನಗರದ ಪಾಲು ಚಿಕ್ಕದು. ಪ್ರತಿ ನಗರಕ್ಕೂ ಅದರದೇ ವ್ಯಾಪಾರ ತೆರಿಗೆ ಅಥವಾ ಲೈಸೆನ್ಸ್, ಮನೆಯಿಂದ ವ್ಯಾಪಾರ ಮಾಡಲು ಅದರದೇ ಕಟ್ಟಳೆ. ಸ್ಯಾನ್ ಹೋಸೆಯಲ್ಲಿ 2016ರಲ್ಲಿ ಮತದಾರರೇ ಒಪ್ಪಿದ ಕ್ರಮದಂತೆ ತೀರಾ ಸಣ್ಣ ವ್ಯಾಪಾರದ ಮೂಲದರ 195 ಡಾಲರಿಂದ ಶುರುವಾಗಿ ಏರುತ್ತಾ ಬಂದಿದೆ, ಗಳಿಕೆ ಬಹಳ ಕಡಿಮೆ ಇರುವವರು ವಿನಾಯಿತಿ ಕೇಳಬಹುದು. ಇನ್ನು ಮಾರಾಟ ತೆರಿಗೆ. ವಸ್ತು ಮಾರುವವರು ರಾಜ್ಯದ ಇಲಾಖೆಯಿಂದ ಸೆಲ್ಲರ್ಸ್ ಪರ್ಮಿಟ್ ಪಡೆಯಬೇಕು, ಅದಕ್ಕೆ ಶುಲ್ಕವಿಲ್ಲ. ರಾಜ್ಯದ ಮೂಲದರ ಶೇ. 7.25, ಅದರ ಮೇಲೆ ಆಯಾ ಊರಿನ ಸೇರ್ಪಡೆ. ಮನೆಗೆ ಒಯ್ಯುವ ದಿನಸಿ ಪದಾರ್ಥಕ್ಕೆ ಸಾಮಾನ್ಯವಾಗಿ ತೆರಿಗೆ ಇಲ್ಲ, ಬಿಸಿ ಊಟಕ್ಕೆ ಇದೆ.

ಗಿರಾಕಿಗಳು ಝೆಲ್ ಎಂಬ ಪಾವತಿ ಸೇವೆಯ ಮೂಲಕ ಕಳಿಸಿದ ದುಡ್ಡು ಲೆಕ್ಕಕ್ಕೆ ಬರುವುದಿಲ್ಲ ಎಂಬ ಗುಸುಗುಸು ಇಲ್ಲಿ ಬಹಳ. ಝೆಲ್ ಐಆರ್‌ಎಸ್‌ಗೆ ಪಾವತಿಗಳ ವರದಿಯಾದ 1099-ಕೆ ಪತ್ರ ಕಳಿಸುವುದಿಲ್ಲ, ಇತರ ಪಾವತಿ ಆ್ಯಪುಗಳಿಗೂ 2025ರ ಕಾನೂನು 20,000 ಡಾಲರ್ ಮತ್ತು 200 ವಹಿವಾಟಿನ ಹಳೆಯ ಮಿತಿಯನ್ನೇ ಮರಳಿಸಿತು. ಆದರೆ ಪತ್ರ ಬರದ ಮಾತ್ರಕ್ಕೆ ಆದಾಯ ಆದಾಯವಲ್ಲದೆ ಹೋಗುವುದಿಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕೊಟ್ಟದ್ದೂ, ಬೆಂಗಳೂರಿನ ಗಲ್ಲಾಪೆಟ್ಟಿಗೆಗಳ ಮೇಲೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಎದ್ದದ್ದೂ ಓದುಗರಿಗೆ ನೆನಪಿರಬಹುದು. ನೋಂದಣಿಯ ಮಿತಿ ಎಷ್ಟೆಂದು ಮೊದಲೇ ತಿಳಿಯದೆ, ದುಡ್ಡಿನ ಜಾಡು ಉಳಿದ ಮೇಲೆ ತಿಳಿಯುವ ಕಷ್ಟ ಎರಡೂ ಕಡೆ ಒಂದೇ. ಅಮೆರಿಕದಲ್ಲಿ ಸ್ವಂತ ದುಡಿಮೆಯ ನಿವ್ವಳ ಗಳಿಕೆಯ ಮೇಲೆ ಆದಾಯ ತೆರಿಗೆಯಲ್ಲದೆ ಶೇ. 15.3ರ ಸ್ವಉದ್ಯೋಗ ತೆರಿಗೆಯೂ ಇದೆ. ಸಂಬಳದ ಮೇಲಿನ ಇಂಥ ತೆರಿಗೆಯ ಅರ್ಧವನ್ನು ಕಂಪನಿಯೇ ಕಟ್ಟುವುದನ್ನು ಕಂಡವರಿಗೆ ತೆರಿಗೆ ಲೆಕ್ಕ ಒಪ್ಪಿಸುವ ಮೊದಲ ಏಪ್ರಿಲ್ ಎದೆ ಝಲ್ಲೆನ್ನಿಸುತ್ತದೆ.

ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡರೂ ಕಾರ್ಮಿಕ ಪರಿಹಾರ ವಿಮೆ ಕಡ್ಡಾಯ. ‘ಅವರು ಕಾಂಟ್ರಾಕ್ಟರ್’ ಎಂದು ಜಾರಿಕೊಳ್ಳುವುದು ಕೆಲಸದವರನ್ನು ಸಾಮಾನ್ಯವಾಗಿ ನೌಕರರೆಂದೇ ಎಣಿಸುವ, 2020ರಿಂದ ಜಾರಿಯಲ್ಲಿರುವ ಎಬಿ-5 ಕಾನೂನಿನ ಮುಂದೆ ಅಷ್ಟು ಸಲೀಸಲ್ಲ.

ಹಾಗಾದರೆ ಮನೆಮಟ್ಟದ ವ್ಯಾಪಾರಕ್ಕೆ ಯಾವ ಸರದಿ ಸರಿ? ನನ್ನ ತೀರ್ಪು ಇದು. ಮೊದಲು ವೀಸಾ, ಸಂಶಯವಿದ್ದರೆ ವಲಸೆ ವಕೀಲರು. ಆಮೇಲೆ ಕೌಂಟಿಯ ಪರಿಸರ ಆರೋಗ್ಯ ಇಲಾಖೆ, ಬಾಡಿಗೆ ಕರಾರು. ಹೆಸರು, ಡಿಬಿಎ, ನಗರದ ತೆರಿಗೆ, ಸೆಲ್ಲರ್ಸ್ ಪರ್ಮಿಟ್ ಅದರ ನಂತರ. ಎಲ್‌ಎಲ್‌ಸಿ ಕೊನೆಗೆ, ಅದೂ ಕಾಪಾಡಿಕೊಳ್ಳಬೇಕಾದ ಮನೆಯೋ ಉಳಿತಾಯವೋ ಇದ್ದು, 800 ಡಾಲರನ್ನು ವ್ಯಾಪಾರವೇ ಹೊರುವಂತಾದ ಮೇಲೆ. ಅಲ್ಲಿಯವರೆಗೆ ಒಬ್ಬರೇ ಒಡೆಯರಾದ ವ್ಯಾಪಾರ, ಜೊತೆಗೊಂದು ಹೊಣೆಗಾರಿಕೆ ವಿಮೆ ಸಾಕು. ಮನೆಯ ವಿಮೆ ವ್ಯಾಪಾರದ ಅವಘಡಕ್ಕೆ ಸಾಮಾನ್ಯವಾಗಿ ಆಗಿಬರುವುದಿಲ್ಲ. ಸಲಹೆಗೆ ದುಡ್ಡು ಕೊಡಬೇಕಿಲ್ಲ. 1964ರಿಂದ ನಡೆಯುತ್ತಿರುವ ಸ್ಕೋರ್ ಸಂಸ್ಥೆಯಲ್ಲಿ ಅನುಭವಸ್ಥ ವ್ಯವಹಾರಸ್ಥರು ಪುಕ್ಕಟೆಯಾಗಿ ಕೂತು ಕೇಳುತ್ತಾರೆ, ಸಣ್ಣ ವ್ಯಾಪಾರ ಅಭಿವೃದ್ಧಿ ಕೇಂದ್ರಗಳೂ ಇವೆ. ಇಲ್ಲಿ ಬರೆದ ಶುಲ್ಕ, ಮಿತಿಗಳು ವರ್ಷ ವರ್ಷ ಬದಲಾಗುತ್ತವೆ, ಕಟ್ಟುವ ಮುನ್ನ ಆಯಾ ಕಚೇರಿಯ ಪುಟ ನೋಡಿ. ಮಾರಬೇಕೆಂದಿರುವ ಪದಾರ್ಥಗಳ ಪಟ್ಟಿ ಬರೆದುಕೊಂಡು ಪರಿಸರ ಆರೋಗ್ಯ ಇಲಾಖೆಗೆ ಒಂದು ಫೋನ್ ಮಾಡಿ, ಒಂದೊಂದನ್ನೇ ಓದಿ ಕೇಳಿ. ಲೇಬಲ್ ಅಚ್ಚಿಗೆ ಕೊಡುವುದು ಆಮೇಲೆ.